ಅಪ್ಪನ ಬಂದೂಕು, ತಂಗಿಯ ಹೆಸರು

ನನ್ನ ತಂಗಿಯ ಬಳಿ ಬಂದೂಕು ಇದೆ, ನನ್ನ ಬಳಿ ಇಲ್ಲ. ವಿಷಯ ಇಷ್ಟೇ. ಆದರೆ ಇಷ್ಟು ಸಣ್ಣ ವಿಷಯ ನನ್ನ ಹೊಟ್ಟೆಯೊಳಗೆ ವರ್ಷಗಟ್ಟಲೆ ಹೇಗೆ ಉರಿಯಿತು ಎಂದು ಹೇಳಬೇಕಾದರೆ ಅಪ್ಪನಿಂದಲೇ ಶುರು ಮಾಡಬೇಕು.

ನಮ್ಮ ತವರು ದರೋಜಿ ಹತ್ತಿರದ ಒಂದು ಸಣ್ಣ ಊರು. ಹೊಲದ ಬದುವಿಗೆ ಹತ್ತಿಕೊಂಡೇ ಬಂಡೆಗಲ್ಲಿನ ಗುಡ್ಡ, ಅದರಾಚೆ ಕರಡಿಧಾಮ. ಅಪ್ಪ ಶೇಂಗಾ, ಮೆಕ್ಕೆಜೋಳ ಬೆಳೆಯುತ್ತಿದ್ದ. ನೀರು ಚೆನ್ನಾಗಿದ್ದ ವರ್ಷ ಕಬ್ಬು ಹಾಕುತ್ತಿದ್ದ. ಕಾಡುಹಂದಿಯ ಹಿಂಡು ಒಮ್ಮೆ ನುಗ್ಗಿತೆಂದರೆ ಶೇಂಗಾ ಹೊಲ ರೆಂಟೆಯಿಂದ ಉತ್ತ ಹಾಗೆ ಆಗುತ್ತಿತ್ತು. ಅದಕ್ಕೆಂದೇ ಅಪ್ಪನಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ಒಂಟಿ ನಳಿಗೆಯ ಬಂದೂಕು, ನಡುವಿನಲ್ಲಿ ಮಡಚಿ ತೆರೆದು ಒಂದೊಂದೇ ತೋಟಾ ಹಾಕುವಂಥದ್ದು. ಅಪ್ಪ ಅದರಿಂದ ಒಂದು ಪ್ರಾಣಿಯನ್ನೂ ಕೊಂದದ್ದು ನನಗೆ ಗೊತ್ತಿಲ್ಲ. ಆಕಾಶಕ್ಕೆ ಹಿಡಿದು ಒಂದು ಹೊಡೆದರೆ ಹಿಂಡು ಗುಡ್ಡ ಏರಿಬಿಡುತ್ತಿತ್ತು.

ನಮ್ಮ ಕಡೆ ಬಂದೂಕು ಅಂದರೆ ಜನ ಬೇರೆಯೇ ತಿಳಿಯುತ್ತಾರೆ. ಸಂಡೂರಿನ ಅದಿರಿನ ಧೂಳು ಜೋರಾಗಿದ್ದ ಕಾಲದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಮದುವೆ ಮನೆಗೆ ಬರುವವರನ್ನು ನಾನೇ ನೋಡಿದ್ದೇನೆ. ಯಶವಂತನಗರದ ದಾರಿಯಲ್ಲಿ ಲಾರಿಗಳ ಸಾಲು ಸೀಳಿಕೊಂಡು ಹೋಗುವ ಕಾರುಗಳ ಹಿಂದಿನ ಸೀಟಿನಲ್ಲಿ ಗನ್‌ಮ್ಯಾನ್ ಕೂತಿರುತ್ತಿದ್ದ. ಅಂಥ ಬಂದೂಕು ನನಗೆ ಯಾವತ್ತೂ ಬೇಕೆನಿಸಲಿಲ್ಲ. ನನಗೆ ಬೇಕಾಗಿದ್ದು ಅಪ್ಪನದು.

ಯಾಕೆಂದರೆ ಅದನ್ನು ಒರೆಸುವ ಕೆಲಸ ನನ್ನದಾಗಿತ್ತು. ನಾವು ಇಬ್ಬರೇ ಹೆಣ್ಣುಮಕ್ಕಳು, ನಾನು ಹಿರಿಯಳು. ತಂಗಿ ಇನ್ನೂ ತೊಟ್ಟಿಲಿನಲ್ಲಿದ್ದಾಗಲೇ ನಾನು ಕಟ್ಟೆಯ ಮೇಲೆ ಅಪ್ಪನ ಬಾಜೂ ಕೂತು ನಳಿಗೆಯೊಳಗೆ ಎಣ್ಣೆಬಟ್ಟೆ ತೂರಿಸುತ್ತಿದ್ದೆ. ಅಪ್ಪ ಪ್ರತಿ ಸಲವೂ ಮೊದಲು ತೆರೆದು ತೋರಿಸುತ್ತಿದ್ದ. "ಖಾಲಿ ಐತಿ ಅಂತ ನಾ ಹೇಳಿದ್ರೂ ನಂಬಬ್ಯಾಡ. ನಿನ್ನ ಕಣ್ಣಿಲೆ ನೋಡು," ಅನ್ನುತ್ತಿದ್ದ. ನೋಡಿದ ಮೇಲೂ ನಳಿಗೆಯನ್ನು ಯಾರ ಕಡೆಗೂ ತಿರುಗಿಸುವ ಹಾಗಿಲ್ಲ, ಬೆಕ್ಕಿನ ಕಡೆಗೂ ಇಲ್ಲ. ಒರೆಸಿ ಮುಗಿದ ಮೇಲೆ ಅಪ್ಪ ನಳಿಗೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದ. ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನನಗೂ ಇಣುಕಲು ಕೊಡುತ್ತಿದ್ದ. ಒಳಗೆಲ್ಲ ಬೆಳ್ಳಿ ಬಳೆಯ ಹಾಗೆ ಹೊಳೆಯುತ್ತಿತ್ತು.

ಆಮೇಲೆ ನನ್ನ ಮದುವೆಯಾಯಿತು. ಹೊಸಪೇಟೆಯಲ್ಲಿ ಗಂಡನ ಹಾರ್ಡ್‌ವೇರ್ ಅಂಗಡಿ. ಮೊಳೆ, ಚಿಲಕ, ಪೈಪಿನ ನಡುವೆ ನನ್ನ ಸಂಸಾರ ಶುರುವಾಯಿತು. ನಾಗರಪಂಚಮಿಗೆ ತವರಿಗೆ ಹೋದಾಗ ಕಟ್ಟೆಯ ಮೇಲೆ ಅಪ್ಪನ ಬಾಜೂ ತಂಗಿ ಕೂತಿದ್ದಳು, ತೊಡೆಯ ಮೇಲೆ ಬಂದೂಕು, ಕೈಯಲ್ಲಿ ಎಣ್ಣೆಬಟ್ಟೆ. ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ಆದರೆ ನಾನು ಬಿಟ್ಟುಹೋದ ಜಾಗ ಒಂದು ವರ್ಷವಾದರೂ ಖಾಲಿ ಇರುತ್ತದೆಂದು ಯಾಕೋ ಅಂದುಕೊಂಡಿದ್ದೆ. ಅಂದು ಜೋಕಾಲಿ ಆಡಲು ಗೆಳತಿಯರು ಕರೆದರೂ ನಾನು ಹೋಗಲಿಲ್ಲ. ತಲೆನೋವು ಅಂದೆ.

ತಂಗಿಗೆ ಮೆಟ್ರಿಯ ಕಡೆಯಿಂದ ಅಳಿಯನನ್ನು ಮನೆಗೇ ತಂದರು. ಮೆತ್ತಗಿನ ಮನುಷ್ಯ, ಟ್ರ್ಯಾಕ್ಟರ್ ಅಂದರೆ ಜೀವ, ಬಂದೂಕು ಅಂದರೆ ದೂರ. ಹೀಗಾಗಿ ಹೊಲ, ಮನೆ, ಅಪ್ಪ, ಅವ್ವ ಎಲ್ಲ ತಂಗಿಯ ಕೈಗೆ ಬಂದವು. ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ದುಡಿಯುವವಳು ಅವಳು.

ಅಪ್ಪ ತೀರಿಹೋದ. ಶಿವಗಣಾರಾಧನೆ ಮುಗಿದ ಮರುದಿನ ಠಾಣೆಯಿಂದ ಪೊಲೀಸರೊಬ್ಬರು ಬಂದು ಅವ್ವನಿಗೆ ಕೈಮುಗಿದು, "ತಪ್ಪು ತಿಳೀಬ್ಯಾಡ್ರಿ. ಲೈಸೆನ್ಸ್ ಇದ್ದವ್ರು ಹೋದ ಮ್ಯಾಲ ಬಂದೂಕು ಮನ್ಯಾಗ ಇಡಂಗಿಲ್ಲ. ಠಾಣೆಗೆ ತಂದು ಜಮಾ ಮಾಡ್ರಿ. ಮಕ್ಕಳಾಗ ಯಾರಿಗೆ ಬೇಕೋ ಅವ್ರು ಅರ್ಜಿ ಹಾಕ್ರಿ. ಉಳಿದವ್ರು ಒಪ್ಪಿಗಿ ಕೊಡಬೇಕು," ಅಂದರು.

ಅಂದು ಅವರೇ ಬಂದೂಕನ್ನು ಠಾಣೆಗೆ ಒಯ್ದರು. ಅದು ಹೋದ ಮೇಲೆ ಅವ್ವ ಒಲೆಯ ಮುಂದೆ ಕೂತು, "ಹಿರೇಕಿ ನೀನು. ಏನು ಮಾಡೂಣು ಅಂತ ನೀನ ಹೇಳು," ಅಂದಳು.

ನಾನು ಬಾಯಿ ತೆರೆಯುವ ಮೊದಲೇ ತಂಗಿ, "ನಾ ಅರ್ಜಿ ಹಾಕ್ತೀನಿ, ಅವ್ವಾ," ಅಂದಳು. ಆಕಳಿಗೆ ಮೇವು ಹಾಕುತ್ತೇನೆ ಅನ್ನುವಷ್ಟು ಸಹಜವಾಗಿ.

ನಾನು ಹೊಸಪೇಟೆಗೆ ಬಂದವಳೇ, ಗಂಡನಿಗೂ ಹೇಳದೆ, ಕಚೇರಿಗೆ ಹೋದೆ. ಜಿಲ್ಲೆ ಎರಡಾದ ಮೇಲೆ ನಮ್ಮ ಹೊಸಪೇಟೆಗೇ ಜಿಲ್ಲಾಧಿಕಾರಿ ಕಚೇರಿ ಬಂದಿತ್ತು. ತವರು ಮಾತ್ರ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿತ್ತು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು.

"ನಿಮ್ಮ ತಂದಿಯವ್ರದು ಬೆಳೆ ರಕ್ಷಣೆ ಲೈಸೆನ್ಸ್ ಅಲ್ಲೇನ್ರಿ ಅಮ್ಮ?"

"ಹೌದ್ರಿ."

"ನಿಮ್ಮ ಬೆಳೆ ಎಲ್ಲೈತ್ರಿ?"

"ನಮ್ಮದು ಇಲ್ಲೇ ಊರಾಗ ಅಂಗಡಿ, ಮನಿ ಐತ್ರಿ."

"ಅಂಗಡಿಗೆ ಹಂದಿ ಬರ್ತಾವೇನ್ರಿ?"

ಅವರು ಕುಹಕವಾಡಲಿಲ್ಲ, ನಿಜವಾಗಿಯೇ ಕೇಳಿದರು. ಆದರೂ ಪಕ್ಕದ ಕುರ್ಚಿಯವರು ನಕ್ಕರು. ಆತ್ಮರಕ್ಷಣೆಗೆ ಅಂತ ಬೇರೆಯಾಗಿ ಹಾಕಬಹುದು, ಆದರೆ ಯಾರಿಂದ ಜೀವಭಯ ಇದೆ ಎಂದು ತೋರಿಸಬೇಕು, ಪೊಲೀಸರು ವಿಚಾರಣೆ ಮಾಡುತ್ತಾರೆ ಎಂದು ಗುಮಾಸ್ತರು ಬಿಡಿಸಿ ಹೇಳಿದರು. "ನಿಮಗ ಯಾರಿಂದರ ಅಂಜಿಕಿ ಐತೇನ್ರಿ?"

ಮೆಟ್ಟಿಲಿಳಿಯುತ್ತ ಯೋಚಿಸಿದೆ. ನನಗೆ ಯಾರ ಅಂಜಿಕೆಯೂ ಇರಲಿಲ್ಲ. ಸುಖವಾಗಿದ್ದೆ. ಕಾನೂನಿನ ಕಣ್ಣಿಗೆ ನನ್ನ ಬಳಿ ಬಂದೂಕಿಗೆ ಒಂದೇ ಒಂದು ಕಾರಣವೂ ಇರಲಿಲ್ಲ, ತಂಗಿಯ ಬಳಿ ಹೊಲ ತುಂಬ ಕಾರಣಗಳಿದ್ದವು. ಆ ವಾರವೇ ನಾನೂ ಅವ್ವನೂ ನೋಟರಿಯ ಮುಂದೆ ನಿಂತು ಒಪ್ಪಿಗೆ ಬರೆದುಕೊಟ್ಟೆವು. ಒಳ್ಳೆಯ ಮನಸ್ಸಿನಿಂದ ಕೊಟ್ಟೆ ಎಂದು ಹೇಳಲಾರೆ. ಕೊಡದಿರಲು ಕಾರಣ ಸಿಗಲಿಲ್ಲ, ಅದಕ್ಕೆ ಕೊಟ್ಟೆ.

ಅಲ್ಲಿಂದ ತಂಗಿಯ ಓಡಾಟ ಶುರುವಾಯಿತು. ಹೊಲದ ಪಹಣಿ, ವೈದ್ಯರ ಸರ್ಟಿಫಿಕೇಟು, ಪೊಲೀಸ್ ವರದಿ. ಕರಡಿಧಾಮ ಹತ್ತಿರವಿದ್ದದ್ದರಿಂದ ಅರಣ್ಯ ಇಲಾಖೆಯವರನ್ನೂ ಕೇಳಿದರು. ಹೋದಲ್ಲೆಲ್ಲ ಒಂದೇ ಪ್ರಶ್ನೆಯಂತೆ: "ನಿಮ್ಮ ಯಜಮಾನ್ರ ಹೆಸರಿಗೆ ಯಾಕ ಹಾಕಂಗಿಲ್ಲ?" ಅವಳ ಗಂಡ ಪ್ರತಿ ಸಲವೂ, "ಆಕಿಗೇ ಗುರಿ ಐತ್ರಿ, ನನಗ ಸಪ್ಪಳಾನೂ ಆಗಂಗಿಲ್ಲ," ಅನ್ನುತ್ತಿದ್ದನಂತೆ. ಇದನ್ನೆಲ್ಲ ತಂಗಿ ಫೋನಿನಲ್ಲಿ ಹೇಳುತ್ತಿದ್ದಳು. ನನಗೆ ಬೇಡದಿದ್ದರೂ ಹೇಳುತ್ತಿದ್ದಳು.

ಆಮೇಲೆ ತರಬೇತಿ. ಬಂದೂಕು ಹಿಡಿಯಲು ಬರುತ್ತದೆಂಬ ಪ್ರಮಾಣಪತ್ರ ಇಲ್ಲದೆ ಈಗ ಲೈಸೆನ್ಸ್ ಕೊಡುವುದಿಲ್ಲವಂತೆ. ಬಳ್ಳಾರಿಯಲ್ಲಿ ಪೊಲೀಸರೇ ನಡೆಸುವ ಶಿಬಿರಕ್ಕೆ ಹೋದಳು. ಮೈದಾನದಲ್ಲಿ ಗಂಡಸರ ಸಾಲಿನಲ್ಲಿ ಇಳಕಲ್ ಸೀರೆಯ ಸೆರಗು ಬಿಗಿದು ಬಂದೂಕು ಹಿಡಿದು ನಿಂತಿರುವ ತನ್ನ ಫೋಟೋ ಕಳಿಸಿದಳು. ಸಂಜೆ ಫೋನು.

"ಅಕ್ಕಾ, ಇವತ್ತು ಗುಂಡು ಹೊಡದ್ವಿ. ಹೆಗಲು ಕರ್ರಗಾಗೇತಿ ನೋಡು. ಸಾಹೇಬ್ರು, ಈಕೀನ ನೋಡಿ ಕಲೀರಿ ಅಂತ ಎಲ್ಲಾರಿಗೂ ಹೇಳಿದ್ರು."

"ಅರಿಶಿಣ ಹಚ್ಚು," ಅಂದೆ.

"ಅಪ್ಪ ಇರಬೇಕಿತ್ತು ಅಕ್ಕಾ."

"ಹ್ಞೂಂ. ಗಿರಾಕಿ ಬಂದಾರ, ಇಡ್ತೀನಿ," ಅಂದೆ. ಯಾವ ಗಿರಾಕಿಯೂ ಬಂದಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಅವಳು ನಳಿಗೆಯ ಕೆಳಗಿನ ಎಡಗೈಯನ್ನು ಬಹಳ ಹಿಂದೆ ಹಿಡಿದಿದ್ದಳು. ಅಪ್ಪ ಇದ್ದಿದ್ದರೆ ಮುಂದಕ್ಕೆ ಸರಿಸುತ್ತಿದ್ದ. ಆ ಒಂದು ತಪ್ಪು ಕಂಡುಹಿಡಿದ ಮೇಲೆಯೇ ನನಗೆ ರಾತ್ರಿಯ ಊಟ ಸೇರಿತು.

ಲೈಸೆನ್ಸ್ ಬಂತು. ಆ ವರ್ಷದ ಪಂಚಮಿಗೆ ಹೋದಾಗ ತಂಗಿ ಕಬ್ಬಿಣದ ಕಪಾಟಿನ ಬೀಗ ತೆಗೆದು ಬಂದೂಕನ್ನು ಹೊರಗೆ ತಂದಳು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಹಿಡಿಯ ಮರಕ್ಕೆ ಹೊಸ ಪಾಲಿಶ್ ಮಾಡಿಸಿದ್ದಳು. ನಾನು ತಡೆಯಲಾರದೆ ಎರಡೂ ಕೈ ಚಾಚಿದೆ.

"ಅಕ್ಕಾ, ಬ್ಯಾಡ," ಅಂದಳು.

"ಯಾಕ?"

"ಲೈಸೆನ್ಸ್ ನನ್ನ ಹೆಸರಿಗೈತಿ. ಬ್ಯಾರೆಯವ್ರ ಕೈಯಾಗ ಕೊಡಬಾರ್ದು ಅಂತ ಶಿಬಿರದಾಗ ಹೇಳ್ಯಾರ. ಸುಮ್ಮ ನೋಡು, ಹಿಡೀಬ್ಯಾಡ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೆದರಿಕೆಯಿಂದ ಹೇಳಿದಳು, ಏನಾದರೂ ತಪ್ಪಾದರೆ ಬಂದೂಕು ಹೋದೀತು ಎಂಬ ಹೆದರಿಕೆ. ನನಗೂ ಅದು ಗೊತ್ತಾಯಿತು. ಆದರೆ ಆ 'ಬ್ಯಾರೆಯವ್ರು' ಅನ್ನುವ ಮಾತು ಮುಳ್ಳಿನ ಹಾಗೆ ನಟ್ಟಿತು. ಅವಳು ತೊಟ್ಟಿಲಿನಲ್ಲಿದ್ದಾಗಲೇ ಆ ನಳಿಗೆಯೊಳಗೆ ಇಣುಕಿದವಳು ನಾನು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡೆ. ಅವ್ವ ಮಾಡಿದ ಶೇಂಗಾ ಉಂಡಿಯನ್ನು ಡಬ್ಬಿಗೆ ತುಂಬಿಸಿಕೊಳ್ಳದೆಯೇ ಬಸ್ಸು ಹತ್ತಿದೆ.

ಇದಾಗಿ ಎರಡನೆಯ ಸುಗ್ಗಿಯಲ್ಲಿ ಒಂದು ಘಟನೆ ನಡೆಯಿತು. ಸೀತಾಫಲದ ಕಾಲ. ಪಕ್ಕದ ಹೊಲದ ಹೆಂಗಸೊಬ್ಬಳು ಸಂಜೆ ಹುಲ್ಲು ಹೊರೆ ಕಟ್ಟಲು ಬಾಗಿದ್ದಾಗ ಗುಡ್ಡದಿಂದ ಇಳಿದ ಕರಡಿ ಎದುರಾಗಿದೆ. ಹಿಂದೆ ಮರಿ ಇತ್ತಂತೆ. ಅವಳ ಕೂಗು ಕೇಳಿ ತಂಗಿ ಬಂದೂಕು ಹಿಡಿದು ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಕರಡಿ ಹೆಂಗಸಿನ ತೋಳಿಗೆ ಉಗುರು ಹಾಕಿತ್ತು. ಕರಡಿಗೆ ಗುಂಡು ಹೊಡೆಯುವ ಹಾಗಿಲ್ಲ, ಹೊಡೆದರೆ ಹೆಂಗಸಿಗೇ ತಗುಲೀತು. ತಂಗಿ ಬದುವಿನ ಮೇಲೆ ನಿಂತು ಆಕಾಶಕ್ಕೆ ಹಿಡಿದು ಹೊಡೆದಳು. ಕರಡಿ ಹಿಂದೆ ಸರಿಯಿತು, ಹೋಗಲಿಲ್ಲ. ಮಡಚಿ, ಇನ್ನೊಂದು ತೋಟಾ ಹಾಕಿ, ಮತ್ತೆ ಹೊಡೆದಳು. ಆಗ ಮರಿಯನ್ನು ಕರೆದುಕೊಂಡು ಗುಡ್ಡ ಏರಿತು.

ಮರುದಿನ ಅರಣ್ಯ ಇಲಾಖೆಯವರು ಬಂದು ಗುಡ್ಡದವರೆಗೂ ರಕ್ತದ ಕಲೆ ಹುಡುಕಿದರು, ಕರಡಿಗೆ ಪೆಟ್ಟಾಗಿದೆಯೋ ಎಂದು. ಠಾಣೆಯವರು ಖಾಲಿ ತೋಟಾ ಎರಡನ್ನೂ ಕೇಳಿ ಪಡೆದರು. ತಂಗಿ ಕತ್ತಲಾಗುವ ಮೊದಲೇ ಅವನ್ನು ಹುಡುಕಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಯಾವ ತಪ್ಪೂ ಕಾಣಲಿಲ್ಲ. ಹೆಂಗಸು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಉಳಿದಳು.

ಸುದ್ದಿ ನನ್ನ ಅಂಗಡಿಯವರೆಗೂ ಬಂತು. ಕಂಪ್ಲಿಯ ಒಬ್ಬ ಅಕ್ಕಿ ಗಿರಣಿಯವರು ಬೋಲ್ಟು ಕೊಳ್ಳಲು ಬಂದವರು, "ಕರಡಿ ಓಡಿಸಿದಾಕಿ ನಿಮ್ಮ ತಂಗಿ ಅಂತಲ್ರಿ. ಭಾಳ ಧೈರ್ಯದ ಹೆಣ್ಣುಮಗಳು," ಅಂದರು. ಹಂಪಿಯಲ್ಲಿ ಹೋಟೆಲು ನಡೆಸುವ ನಮ್ಮ ನೆಂಟರು ಫೋನು ಮಾಡಿ ಅದನ್ನೇ ಹೇಳಿದರು. ತರಕಾರಿಯವಳೂ ಹೇಳಿದಳು. ಪ್ರತಿ ಸಲ ನಾನು "ಹೌದ್ರಿ, ನನ್ನ ತಂಗೀನ" ಅನ್ನುತ್ತಿದ್ದೆ, ನಗುತ್ತಿದ್ದೆ. ಒಂದು ಜೀವ ಉಳಿದಿತ್ತು, ಅದಕ್ಕೆ ಸಂತೋಷಪಡದಷ್ಟು ಕಲ್ಲು ನಾನಲ್ಲ. ಆದರೆ ಆ ಬದುವಿನ ಮೇಲೆ ನಾನಿದ್ದಿದ್ದರೆ ಎಂಬ ಯೋಚನೆ ಬಿಡಲಿಲ್ಲ. ಮೊದಲ ಗುಂಡು ಹಾರಿಸಿ ಎರಡನೆಯದನ್ನು ಹಾಕುವಾಗ ನನ್ನ ಕೈ ನಡುಗುತ್ತಿತ್ತೇ? ಗೊತ್ತಾಗುವುದು ಹೇಗೆ? ಅವಳ ಕೈ ನಡುಗಲಿಲ್ಲ ಎಂದು ಇಡೀ ತಾಲ್ಲೂಕಿಗೆ ಗೊತ್ತಿತ್ತು. ನನ್ನ ಕೈಯ ವಿಷಯ ನನಗೇ ಗೊತ್ತಿರಲಿಲ್ಲ.

ಆಮೇಲೆ ಕೆಲವು ವರ್ಷ ಹಬ್ಬಕ್ಕೆ ಹೋಗುವುದು, ಬರುವುದು ಅಷ್ಟೇ. ಕಪಾಟಿದ್ದ ಕೋಣೆಗೆ ನಾನು ಕಾಲಿಡುತ್ತಿರಲಿಲ್ಲ.

ಲೈಸೆನ್ಸ್ ನವೀಕರಣದ ಸಮಯ ಬಂದಾಗ ತಂಗಿ ಕಾಲುವೆಯ ಏರಿಯಿಂದ ಜಾರಿ ಬಲ ಮುಂಗೈ ಮುರಿದುಕೊಂಡಳು. ಬಂದೂಕನ್ನು ಠಾಣೆಗೆ ಒಯ್ದು ತೋರಿಸಬೇಕಿತ್ತು. ಫೋನು ಬಂತು.

"ಅಕ್ಕಾ, ನೀ ಬರಬೇಕು. ಬಂದೂಕು ನೀನ ಹಿಡೀಬೇಕು."

"ನಾ ಬ್ಯಾರೆಯವ್ಳಲ್ಲೇನ?" ಅಂದೆ. ಇಷ್ಟು ವರ್ಷದ ಮೇಲೆ ಅದು ತಾನಾಗಿಯೇ ಬಾಯಿಗೆ ಬಂತು.

"ಠಾಣೆಯಾಗ ಕೇಳೀನಿ ಅಕ್ಕಾ. ನವೀಕರಣಕ್ಕ, ರಿಪೇರಿಗೆ ಒಯ್ಯೂವಾಗ ಲೈಸೆನ್ಸ್ ಇದ್ದಾಕಿ ಬಾಜೂ ಇದ್ರ, ಇಲ್ಲದವ್ರೂ ಹಿಡಕೋಬಹುದಂತ. ಕಾನೂನಿನಾಗ ಐತಂತ. ನಮ್ಮನಿಯವ್ರಂತೂ ಮುಟ್ಟಂಗಿಲ್ಲ."

ಗಂಡ ಮುಟ್ಟುವುದಿಲ್ಲ, ಅದಕ್ಕೆ ನಾನು. ಹೋಗಬಾರದು ಎಂದುಕೊಂಡೆ. ಬೆಳಗಿನ ಮೊದಲ ಬಸ್ಸಿಗೇ ಹೋದೆ.

ಅವಳು ಎಡಗೈಯಿಂದ ಬೀಗ ತೆಗೆದಳು. ನಾನು ಬಂದೂಕನ್ನು ಎತ್ತಿಕೊಂಡೆ. ನೆನಪಿನಲ್ಲಿದ್ದದ್ದಕ್ಕಿಂತ ಹಗುರವಾಗಿತ್ತು, ಆಗ ನಾನು ಚಿಕ್ಕವಳಿದ್ದೆ. ಮಡಚಿ ಖಾಲಿ ಇದೆಯೆಂದು ನೋಡಿ ಕ್ಯಾನ್ವಾಸ್ ಚೀಲಕ್ಕೆ ಹಾಕಿ ಹೆಗಲಿಗೇರಿಸಿದೆ. ತಂಗಿಯ ಗಂಡನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಇಬ್ಬರೂ ಕೂತೆವು. ಮುಖ್ಯರಸ್ತೆಯಲ್ಲಿ ಇಳಿದು ಠಾಣೆಯವರೆಗೂ ನಡೆದೆವು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಚಹಾದ ಅಂಗಡಿಯ ಮುಂದಿದ್ದವರೆಲ್ಲ ಎದ್ದು ನಿಂತರು. "ಅಕ್ಕಾರ, ಕೈಗೆ ಏನಾತ್ರಿ?" ಎಂದು ಕೇಳಿದ್ದು ತಂಗಿಯನ್ನು. ನನ್ನನ್ನು ಯಾರೂ ನೋಡಲೇ ಇಲ್ಲ. ಬಂದೂಕು ನನ್ನ ಹೆಗಲ ಮೇಲಿತ್ತು, ಮರ್ಯಾದೆ ಅವಳ ಬಾಜೂ ನಡೆಯುತ್ತಿತ್ತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನಂಬರು ನೋಡಬೇಕೆಂದರು. ತಂಗಿ ಅವರ ಎದುರಿನ ಕುರ್ಚಿಯಲ್ಲಿ ಕೂತು ನನಗೆ ತಲೆಯಾಡಿಸಿದಳು. ನಾನು ನಳಿಗೆಯನ್ನು ಗೋಡೆಯ ಕಡೆ ಹಿಡಿದು, ಮಡಚಿ, ತೆರೆದು, ಮೇಜಿನ ಮೇಲಿಟ್ಟೆ. ಒಂದು ಸಪ್ಪಳವೂ ಆಗಲಿಲ್ಲ.

"ನಿಮ್ದೂ ಲೈಸೆನ್ಸ್ ಐತೇನ್ರಿ?" ಅವರು ನನ್ನನ್ನು ಕೇಳಿದರು.

"ಇಲ್ರಿ."

ನನ್ನ ಮಾತು ಮುಗಿಯುವಷ್ಟರಲ್ಲೇ ತಂಗಿ ಬಾಯಿ ಹಾಕಿದಳು. "ಆಕಿದು ನನಗಿಂತ ಛಲೋ ಕೈ ರೀ ಸರ್."

ಹೊರಗೆ ಬಂದು ಬೇವಿನ ಮರದ ಕೆಳಗೆ ಟ್ರ್ಯಾಕ್ಟರಿಗೆ ಕಾಯುತ್ತ ಕೂತೆವು. ನಾನು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದೆ. ಅವಳು ಎಡಗೈಯಲ್ಲಿ ತಿನ್ನಲು ಒದ್ದಾಡುತ್ತಿದ್ದಳು.

"ನೀ ಮದುವಿ ಆಗಿ ಹೋದ ಮ್ಯಾಲ," ಅಂದಳು, ತಲೆ ಎತ್ತದೆ, "ನಾ ಎಷ್ಟು ಒರಸಿದ್ರೂ ಅಪ್ಪ ಮತ್ತೊಂದು ಸಲ ಒರಸ್ತಿದ್ದ. ದೊಡ್ಡಾಕಿ ಕೈ ಬ್ಯಾರೆ ಇತ್ತು ಅಂತಿದ್ದ. ನಾ ಕೇಳಿಸಿಕೊಳ್ಳೂ ಹಂಗ ಅಂತಿದ್ದ. ಸಾಯೂತನಕ ಅಂದ ಅಕ್ಕಾ. ನೀ ಪಂಚಮಿಗೆ ಬರ್ತಿ ಅಂದ್ರ ನನಗ ಹೊಟ್ಟಿ ಉರೀತಿತ್ತು."

ನಾನು ಅವಳನ್ನೇ ನೋಡಿದೆ. ಅಳುತ್ತಿರಲಿಲ್ಲ. ಬಹಳ ದಿನ ಹೊತ್ತಿದ್ದ ಹೊರೆಯನ್ನು ಬದುವಿನ ಮೇಲೆ ಇಳಿಸಿದವಳ ಹಾಗೆ ಕೂತಿದ್ದಳು. ಇಂಥ ಹೊತ್ತಿನಲ್ಲಿ ಅಕ್ಕನಾದವಳು ತಂಗಿಯ ಬೆನ್ನು ಸವರಿ ಸಮಾಧಾನ ಮಾಡಬೇಕು. ನನಗೆ ಮಾತ್ರ ಎದೆಯೊಳಗೆ ತಣ್ಣಗೆ ನೀರು ಬಿಟ್ಟ ಹಾಗಾಯಿತು. ಅಪ್ಪ ಹಾಗೆ ಅನ್ನುತ್ತಿದ್ದನೇ?

"ಇನ್ನೊಂದು ಸಲ ಹೇಳು," ಅಂದೆ.

"ಏನು?"

"ಅಪ್ಪ ಏನಂತಿದ್ದ?"

ಅವಳಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಹೇಳಲಿಲ್ಲ. ನಾನು ಮಿರ್ಚಿ ಮುರಿದು ಅವಳ ಬಾಯಿಗಿಟ್ಟೆ.

ಇದರಿಂದ ನನ್ನ ಹೊಟ್ಟೆಕಿಚ್ಚು ಹೋಯಿತೆಂದು ಯಾರಾದರೂ ತಿಳಿದರೆ ಅದು ತಪ್ಪು. ಲೈಸೆನ್ಸ್ ನವೀಕರಣವಾಯಿತು, ಬಂದೂಕು ಮತ್ತೆ ಅವಳ ಕಪಾಟಿಗೆ ಹೋಯಿತು, ಕೈ ಕೂಡಿಕೊಂಡಿತು. ನಾನು ಹೊಸಪೇಟೆಗೆ ಬಂದು ವಿಚಾರಿಸಿದೆ. ಲೈಸೆನ್ಸ್ ಇಲ್ಲದವರೂ, ಹೊಲ ಇಲ್ಲದವರೂ, ಯಾರ ಅಂಜಿಕೆಯೂ ಇಲ್ಲದವರೂ ನಾಗರಿಕರಿಗೆಂದು ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಸೇರಬಹುದಂತೆ. ಹೆಸರು ಕೊಟ್ಟೆ. "ಈ ವಯಸ್ಸಿನಾಗ ಏನಿದು?" ಅಂದ ಗಂಡ, ತರಬೇತಿ ನಡೆದಷ್ಟು ದಿನವೂ ಬೆಳಿಗ್ಗೆ ನನ್ನ ಬದಲು ತಾನೇ ಅಂಗಡಿಯ ಶಟರ್ ಎತ್ತಿದ.

ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕಿತ್ತು. ಮೊದಲನೆಯ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಆಮೇಲಿನವು ಹೋಗಬೇಕಾದ ಕಡೆಗೇ ಹೋದವು. ಕೊನೆಯ ದಿನ ಗುರಿಯ ಹಾಳೆಯನ್ನು ನಮಗೇ ಕೊಟ್ಟರು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಹೋದ ತಿಂಗಳು ತಂಗಿ ಬಂದಿದ್ದಳು, ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು. ನಾನು ಚಹಾಕ್ಕೆ ಇಟ್ಟಿದ್ದೆ. ಅವಳು ಗೋಡೆಯ ಮುಂದೆ ನಿಂತು ಹಾಳೆಯ ನಡುವಿನ ತೂತುಗಳ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಇದು ಎಷ್ಟು ದೂರದಿಂದ ಹೊಡದದ್ದು?" ಅಂದಳು.

ಹೇಳಿದೆ.

"ಶಿಬಿರದಾಗ ನಮಗ ಗುರಿ ಇದಕ್ಕಿಂತ ದೂರ ಇಟ್ಟಿದ್ರು ಅನಸ್ತೈತಿ," ಅಂದಳು.

ಇಟ್ಟಿರಲಿಲ್ಲ. ಎಲ್ಲ ಕಡೆಯೂ ಅಷ್ಟೇ ದೂರ ಎಂದು ನಮಗೆ ಕಲಿಸಿದವರು ಹೇಳಿದ್ದರು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಹಾಲು ಉಕ್ಕಿ ಬರುತ್ತಿತ್ತು, ಒಲೆ ಸಣ್ಣ ಮಾಡಿದೆ.